ದೈವಕ್ಕೆ ‘ಪಾರ್ಟ್ ಟೂ’ ಉಂಟಾ?

“ಮಾಮ, ಗುಳಿಗನಿಗೂ ಥಾರ್‌ಗೂ ಫೈಟ್ ಆದ್ರೆ ಯಾರು ಗೆಲ್ಲೋದು?”

ಕಳೆದ ಅಕ್ಟೋಬರ್‌ನಲ್ಲಿ ‘ಕಾಂತಾರ: ಚಾಪ್ಟರ್ 1’ ನೋಡಿಕೊಂಡು ಬಿಜೈಯಿಂದ ಕೂಳೂರಿಗೆ ವಾಪಸ್ ಬರುತ್ತಿದ್ದೆವು. ಕೊಟ್ಟಾರ ಚೌಕಿ ದಾಟಿ, ಸೇತುವೆಯ ಮುಂಚಿನ ಮಾಮೂಲಿ ಟ್ರಾಫಿಕ್‌ನಲ್ಲಿ ಲಾರಿಗಳ ನಡುವೆ ಸಿಕ್ಕಿಬಿದ್ದಿದ್ದಾಗ ಹಿಂದಿನ ಸೀಟಿನಿಂದ ಬಂತು ಈ ಪ್ರಶ್ನೆ. ಕೇಳಿದ್ದು ಅಕ್ಕನ ಮಗ, ಒಂಬತ್ತು ವರ್ಷ. ಮುಂದೆ ಕೂತಿದ್ದ ಅಮ್ಮ ಗಕ್ಕನೆ ತಿರುಗಿ, “ಹಾಗೆಲ್ಲ ಮಾತಾಡ್ಬಾರ್ದು” ಅಂದರು.

“ಯಾಕೆ?”

ಅಮ್ಮನ ಹತ್ತಿರ ಉತ್ತರ ಇರಲಿಲ್ಲ. ಸ್ಟೀರಿಂಗ್ ಹಿಡಿದಿದ್ದ ನನ್ನ ಹತ್ತಿರವೂ ಇರಲಿಲ್ಲ. ಸೇತುವೆ ದಾಟಿ ಮನೆ ಸೇರುವಷ್ಟರಲ್ಲಿ ಹುಡುಗ ನಿದ್ದೆ ಹೋಗಿದ್ದ. ನನಗೆ ಮಾತ್ರ ಅವತ್ತು ನಿದ್ದೆ ಹತ್ತಲಿಲ್ಲ. ಈ ಸಲದ ಅಂಕಣ ಅವನಿಗೆ ಕೊಡಬೇಕಾಗಿದ್ದ ಉತ್ತರ. ಜೊತೆಗೆ ಆ ಸಿನಿಮಾದ ಲೆಕ್ಕಾಚಾರ. ಇನ್ನೂ ನೋಡದವರಿಗೆ ಒಂದು ಸೂಚನೆ: ಮುಂದೆ ಕಥೆಯ ಗುಟ್ಟುಗಳು ಬರುತ್ತವೆ.

ಮೊದಲಿಗೆ ನನ್ನ ಅರ್ಹತೆ ಹೇಳಿಬಿಡುತ್ತೇನೆ. ‘ಸ್ಪೈಡರ್ ಮ್ಯಾನ್ 2’ ಬಂದದ್ದು 2004ರಲ್ಲಿ. ಆಗ ನನಗೂ ಒಂಬತ್ತೇ ವರ್ಷ. ಅಲ್ಲಿಂದ 2019ರ ‘ಅವೆಂಜರ್ಸ್: ಎಂಡ್‌ಗೇಮ್’ ತನಕ ಒಂದನ್ನೂ ಬಿಟ್ಟವನಲ್ಲ. ಸೂಪರ್‌ಹೀರೋ ಸಿನಿಮಾಗಳ ಎರಡನೇ ಭಾಗ ಹೇಗೆ ಗೆಲ್ಲುತ್ತದೆ, ಹೇಗೆ ಮುಗ್ಗರಿಸುತ್ತದೆ ಅನ್ನುವುದು ನನ್ನ ಹಳೆಯ ಹುಚ್ಚು.

ಒಂದು ಸರಳ ಸೂತ್ರ ಉಂಟು. ಮೊದಲ ಭಾಗದಲ್ಲಿ ನಾಯಕನಿಗೆ ಶಕ್ತಿ ಸಿಗುತ್ತದೆ. ಎರಡನೆಯದರಲ್ಲಿ ಆ ಶಕ್ತಿಗೆ ಬೆಲೆ ಕಟ್ಟಬೇಕು. ‘ಸ್ಪೈಡರ್ ಮ್ಯಾನ್ 2’ರಲ್ಲಿ ಪೀಟರ್‌ನ ಶಕ್ತಿಯೇ ಕೈಕೊಡುತ್ತದೆ. ಓಡುವ ರೈಲನ್ನು ನಿಲ್ಲಿಸಿ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ಕೈಮೇಲೆ ಎತ್ತಿ ಮಲಗಿಸುತ್ತಾರೆ. ಮುಖವಾಡ ಇಲ್ಲದ ಮುಖ ನೋಡಿದಾಗ ಅವರಿಗೆ ಕಾಣುವುದು ಒಬ್ಬ ಎಳೆ ಹುಡುಗ. 2008ರ ‘ದ ಡಾರ್ಕ್ ನೈಟ್’ನಲ್ಲಿ ಬ್ಯಾಟ್‌ಮ್ಯಾನ್ ಗೆದ್ದರೂ ಅಪವಾದ ಹೊತ್ತು ಕತ್ತಲಲ್ಲಿ ಓಡಬೇಕಾಗುತ್ತದೆ. 2013ರ ‘ಥಾರ್: ದ ಡಾರ್ಕ್ ವರ್ಲ್ಡ್’ನಲ್ಲಿ ಎಲ್ಲವೂ ಮೊದಲಿಗಿಂತ ದೊಡ್ಡದು, ಆದರೆ ಹೊರಗೆ ಬಂದ ಮೇಲೆ ಏನೂ ನೆನಪಿರುವುದಿಲ್ಲ. ಎರಡನೇ ಭಾಗದಲ್ಲಿ ಕಥೆ ಆಳಕ್ಕೆ ಇಳಿಯಬೇಕು. ಬರೀ ಅಗಲವಾದರೆ ಸಾಲದು.

ಈಗ ‘ಕಾಂತಾರ’ಕ್ಕೆ ಬರುವ. 2022ರ ಸೆಪ್ಟೆಂಬರ್ 30ಕ್ಕೆ ಬಂದ ಸಿನಿಮಾದ ನಂತರ, 2025ರ ಅಕ್ಟೋಬರ್ 2ಕ್ಕೆ ಬಂದದ್ದಕ್ಕೆ ‘ಚಾಪ್ಟರ್ 1’ ಎಂದು ಹೆಸರು. ನಮ್ಮ ಆಫೀಸಿನಲ್ಲಿ ಹೀಗೆ ವರ್ಷನ್ ನಂಬರ್ ಕೊಟ್ಟರೆ ಮ್ಯಾನೇಜರ್ ಕರೆದು ಕೇಳುತ್ತಾರೆ! ಆದರೆ ಇದು ಕಥೆಯ ಹಿಂದಿನ ಕಥೆ, ಆ ಲೆಕ್ಕದಲ್ಲಿ ಸರಿ. ಬಂದ ದಿನ ವಿಜಯದಶಮಿ ಬೇರೆ. ಮಂಗಳೂರಿಡೀ ಹುಲಿವೇಷದ ತಾಸೆ ಸದ್ದು. ಆ ಗದ್ದಲದಲ್ಲಿ ಹೋಗುವುದು ಬೇಡ ಎಂದು ನಾವು ಭಾನುವಾರ ಹೋದದ್ದು.

ಗೆದ್ದದ್ದು ಎಲ್ಲಿ?

ಮೊದಲನೆಯದು, ಹಿಂದಕ್ಕೆ ಹೋಗುವ ನಿರ್ಧಾರ. ಮೊದಲ ಚಿತ್ರದ ಕೊನೆಯಲ್ಲಿ ಶಿವ ಕಾಡಿನಲ್ಲಿ ಮಾಯವಾಗುತ್ತಾನೆ. ಅವನನ್ನು ವಾಪಸ್ ಕರೆದು ಇನ್ನೊಬ್ಬ ಧಣಿಯ ಜೊತೆ ಹೊಡೆದಾಡಿಸುವುದು ಸುಲಭವಿತ್ತು, ದುಡ್ಡೂ ಬರುತ್ತಿತ್ತು. ರಿಷಬ್ ಶೆಟ್ಟಿ ಹಾಗೆ ಮಾಡಲಿಲ್ಲ. ಮಾಯವಾದ ಜಾಗದ ಕಥೆ ಏನು ಎಂದು ಕದಂಬರ ಕಾಲಕ್ಕೆ ಹೋದರು. ಮೊದಲ ಚಿತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಪಡೆದವರು ಅದೇ ಪಾತ್ರವನ್ನು ಕೈಬಿಟ್ಟು ಬೆರ್ಮೆ ಎಂಬ ಹೊಸಬನಾಗುವುದಕ್ಕೆ ಧೈರ್ಯ ಬೇಕು.

ಎರಡನೆಯದು, ಬಂದರಿನ ಕಥೆ. ಕಾಡಿನ ಜನ ಸಂಬಾರ ಪದಾರ್ಥ ಬೆಳೆಯುತ್ತಾರೆ, ಅದನ್ನು ಹಡಗಿಗೆ ತುಂಬಿಸಿ ದುಡ್ಡು ಮಾಡುವವರು ಬಾಂಗ್ರದ ಅರಸರು. ನಾವೇ ಯಾಕೆ ಮಾರಬಾರದು ಎಂದು ಬೆರ್ಮೆ ಬಂದರಿಗೆ ಇಳಿಯುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ತುಂಬ ಹಿಡಿಸಿದ್ದು ಈ ಭಾಗ. ನಮ್ಮ ಮನೆಯಿಂದ ಪಣಂಬೂರಿನ ಬಂದರು ಕೂಗಳತೆ ದೂರ. ರಾತ್ರಿ ಹಡಗಿನ ಸದ್ದು ಕೇಳಿಯೇ ಮಲಗಿ ಅಭ್ಯಾಸ. ಈ ಬಂದರು 1975ರದ್ದು, ಆದರೆ ಈ ಕರಾವಳಿಯಿಂದ ಕರಿಮೆಣಸು ಸಮುದ್ರ ದಾಟುವುದು ಶತಮಾನಗಳ ಹಳೆಯ ವ್ಯವಹಾರ. ಬೆಳೆದವನಿಗೆ ಎಷ್ಟು, ಸಾಗಿಸಿದವನಿಗೆ ಎಷ್ಟು ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ದೊಡ್ಡ ಬಜೆಟ್ಟಿನ ಸಿನಿಮಾ ಅದನ್ನು ಕೇಳಿತಲ್ಲ, ಖುಷಿ.

ಮೂರನೆಯದು ಕನಕವತಿ. ಗುಲ್ಶನ್ ದೇವಯ್ಯ ಮಾಡಿದ ಕುಲಶೇಖರ ಕುಡುಕ, ಒರಟ, ನೋಡಿದ ಕೂಡಲೇ ಇವನೇ ವಿಲನ್ ಅನ್ನಿಸುತ್ತದೆ. ಅವನು ನಡುವೆಯೇ ಸತ್ತ ಮೇಲೆ ಗೊತ್ತಾಗುತ್ತದೆ, ನಿಜವಾದ ಅಪಾಯ ನಗುನಗುತ್ತಾ ಪಕ್ಕದಲ್ಲೇ ನಿಂತಿತ್ತೆಂದು. ರುಕ್ಮಿಣಿ ವಸಂತ್ ಆ ತಿರುವನ್ನು ಕಣ್ಣಲ್ಲೇ ಮಾಡಿ ತೋರಿಸಿದ್ದಾರೆ. ಅದಕ್ಕಿಂತ ಮುಖ್ಯ, ಅರಮನೆಗೆ ದೈವವನ್ನು ಕೊಲ್ಲುವ ಆಸೆ ಇಲ್ಲ. ತನ್ನ ಹಿಡಿತಕ್ಕೆ ತಂದುಕೊಳ್ಳುವ ಆಸೆ. ಅಧಿಕಾರ ಯಾವಾಗಲೂ ಹೀಗೆಯೇ ಅಲ್ವಾ? ಎದುರಿಸಲು ಆಗದ್ದನ್ನು ತನ್ನದು ಮಾಡಿಕೊಳ್ಳುತ್ತದೆ. ಈ ಚಿತ್ರದ ಅತ್ಯುತ್ತಮ ವಿಚಾರ ಇದು. ಈ ಮಾತಿಗೆ ಮತ್ತೆ ಬರುತ್ತೇನೆ.

ಇನ್ನು ಅರವಿಂದ್ ಕಶ್ಯಪ್ ಕ್ಯಾಮೆರಾ, ಅಜನೀಶ್ ಲೋಕನಾಥ್ ಸಂಗೀತ, ಆ ರಥ ಓಡುವ ದೃಶ್ಯ, ಆ ಹುಲಿ. ಕನ್ನಡ ಸಿನಿಮಾದ ಗ್ರಾಫಿಕ್ಸ್ ನೋಡಿ ಮುಜುಗರಪಟ್ಟು ಬೆಳೆದ ತಲೆಮಾರು ನಮ್ಮದು. ಈ ಸಲ ಆ ಮುಜುಗರ ಇರಲಿಲ್ಲ.

ಸೋತದ್ದು ಎಲ್ಲಿ?

ಮೊದಲ ಚಿತ್ರದ ಶಿವನನ್ನು ನೆನಪು ಮಾಡಿಕೊಳ್ಳಿ. ಕಂಬಳ ಓಡಿಸುತ್ತಾನೆ, ಹಂದಿ ಬೇಟೆಯಾಡುತ್ತಾನೆ, ಕುಡಿಯುತ್ತಾನೆ, ಅಮ್ಮನ ಕೈಲಿ ಬೈಸಿಕೊಳ್ಳುತ್ತಾನೆ. ದೈವ ಕನಸಲ್ಲಿ ಬಂದರೆ ಬೆಚ್ಚಿ ಏಳುತ್ತಾನೆ. ಕೋಲ ಕಟ್ಟುವುದು ತಮ್ಮನಂಥ ಗುರುವ, ಇವನಲ್ಲ. ಇವನು ಅದರಿಂದ ತಪ್ಪಿಸಿಕೊಂಡು ಓಡುವವನು. ಇಡೀ ಸಿನಿಮಾ ಓಡಿದವನ ಮೈಮೇಲೆ ಕೊನೆಯಲ್ಲಿ ಗುಳಿಗ ಬಂದಾಗ ಥಿಯೇಟರಿನಲ್ಲಿ ನಮ್ಮ ರೋಮ ನಿಂತದ್ದು ಅದಕ್ಕೇ. ಎರಡು ಗಂಟೆ ಕಾದು ಸಿಕ್ಕಿದ್ದು ಅದು.

ಬೆರ್ಮೆ ಹಾಗಲ್ಲ. ಬರುವಾಗಲೇ ಇವನು ಸಾಮಾನ್ಯನಲ್ಲ ಎಂದು ನಮಗೆ ಹೇಳಿಯಾಗಿದೆ. ಮಧ್ಯದಲ್ಲಿ ಆವೇಶ ಬರುತ್ತದೆ, ಕೊನೆಯಲ್ಲಿ ಇನ್ನೂ ದೊಡ್ಡದಾಗಿ ಬರುತ್ತದೆ. ಒಮ್ಮೆ ಹೀಗೆ ಕಾಪಾಡಲ್ಪಟ್ಟವನಿಗೆ ಇನ್ನು ಏನೂ ಆಗುವುದಿಲ್ಲ ಎಂದು ನೋಡುವವನಿಗೆ ಗೊತ್ತಾಗಿಬಿಡುತ್ತದೆ. ಅಲ್ಲಿಂದ ಮುಂದೆ ಕತ್ತಿ ಎಷ್ಟು ಬೀಸಿದರೂ ಭಯ ಹುಟ್ಟುವುದಿಲ್ಲ. ಸೂಪರ್‌ಹೀರೋ ಸಿನಿಮಾಗಳ ಎರಡನೇ ಭಾಗಕ್ಕೆ ಬರುವ ಹಳೆಯ ಕಾಯಿಲೆ ಇದು: ಅಪರೂಪವಾಗಿದ್ದದ್ದು ಅಭ್ಯಾಸವಾಗುವುದು.

ಎರಡನೇ ತಕರಾರು ಊರಿನ ಜನರ ಬಗ್ಗೆ. ಬುಲ್ಲ, ರಾಂಪ, ಸುಂದರ – ಮೂರು ವರ್ಷ ಕಳೆದರೂ ಹೆಸರು ನೆನಪುಂಟು. ಅವರ ಜಗಳ, ಅವರ ಪೋಲಿ ತಮಾಷೆ, ಧಣಿಯ ಅಂಗಳದಲ್ಲಿ ಕೈಕಟ್ಟಿ ನಿಲ್ಲುವ ರೀತಿ, ಎಲ್ಲ ನಮ್ಮ ಕಡೆಯದ್ದೇ. ‘ಚಾಪ್ಟರ್ 1’ರಲ್ಲಿ ಕಾಂತಾರದ ಜನ ಒಂದು ಗುಂಪು. ಚೆನ್ನಾಗಿ ವೇಷ ಹಾಕಿದ ಗುಂಪು. ಅವರು ಸಾಯುವಾಗ ಬೇಸರವಾಗಬೇಕಿತ್ತು, ನನಗೆ ಆಗಲಿಲ್ಲ, ಯಾಕೆಂದರೆ ಯಾರೆಂದು ಪರಿಚಯವೇ ಆಗಿರಲಿಲ್ಲ. ಮೊದಲರ್ಧದ ಹಾಸ್ಯವೂ ಬಲವಂತದ್ದು ಅನ್ನಿಸಿತು.

ಮೂರನೆಯದು, ಕಾಲದ ಗೊಂದಲ. ಇತಿಹಾಸದಲ್ಲಿ ನಮಗೆ ಗೊತ್ತಿರುವ ತುಳುನಾಡಿನ ಬಂಗ ಅರಸರು ಬನವಾಸಿಯ ಕದಂಬರಿಗಿಂತ ಎಷ್ಟೋ ಶತಮಾನ ಈಚಿನವರು. ಕದಂಬರ ಕಾಲದಲ್ಲಿ ಇಲ್ಲಿ ಹೆಸರು ಕೇಳುವುದು ಆಳುಪರದ್ದು. ಸಿನಿಮಾ ದಂತಕಥೆ ಎಂದೇ ಹೇಳಿಕೊಂಡಿದೆ, ಆದ್ದರಿಂದ ಅದು ಅಪರಾಧವಲ್ಲ. ಆದರೆ ಮಕ್ಕಳು ಇದನ್ನೇ ಚರಿತ್ರೆ ಅಂದುಕೊಳ್ಳುತ್ತಾರೆ. ಮನೆಯಲ್ಲಿ ಒಂದು ಮಾತು ಹೇಳುವುದು ಒಳ್ಳೆಯದು.

ದೊಡ್ಡ ತಕರಾರು ಕೊನೆಯದ್ದು. ಮೊದಲ ‘ಕಾಂತಾರ’ದ ತುದಿಯಲ್ಲಿ ಹೊಡೆದಾಟ ಮುಗಿದ ಮೇಲೂ ಒಂದು ದೃಶ್ಯ ಉಂಟು. ಪಂಜುರ್ಲಿ ಫಾರೆಸ್ಟ್ ಆಫೀಸರ್ ಮುರಳಿಯ ಕೈಯನ್ನೂ ಊರವರ ಕೈಗಳನ್ನೂ ಸೇರಿಸಿ ಎದೆಗೆ ಒತ್ತಿಕೊಳ್ಳುತ್ತದೆ. ಮಾತಿಲ್ಲ. ನೋಡಿದ ಎಲ್ಲರೂ ಅತ್ತದ್ದು ಅಲ್ಲಿ. ರಕ್ತ ಹರಿಸಿದ ಶಕ್ತಿಯೇ ಕೊನೆಗೆ ಜಗಳ ಬಿಡಿಸಿತು. ‘ಚಾಪ್ಟರ್ 1’ರ ತುದಿಯಲ್ಲಿ ಕಣ್ಣು ತುಂಬುವಷ್ಟು ಬೆಂಕಿ, ಬೆಳಕು, ಸದ್ದು ಉಂಟು. ಆ ಕೈಹಿಡಿಯುವಿಕೆ ಇಲ್ಲ.

ವರದಿಗಳ ಪ್ರಕಾರ ಮೊದಲನೆಯದು ಸುಮಾರು 400 ಕೋಟಿ ಮಾಡಿದರೆ ಇದು 800 ಕೋಟಿ ದಾಟಿತು. ಹಾಗಾಗಿ ನನ್ನ ಈ ತಕರಾರಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ, ಗೊತ್ತು.

ನನ್ನದೂ ಒಂದು ವಿಡಿಯೋ

ಈಗ ಒಂದು ತಪ್ಪೊಪ್ಪಿಗೆ.

2022ರ ಡಿಸೆಂಬರ್. ಆಗ ನಾನು ಬೆಂಗಳೂರಿನಲ್ಲಿದ್ದೆ. ಆಫೀಸಿನಲ್ಲಿ ವರ್ಷದ ಕೊನೆಯ ಪಾರ್ಟಿ. ‘ಕಾಂತಾರ’ದ ಜ್ವರ ಎಲ್ಲರಿಗೂ ಇಳಿದಿರಲಿಲ್ಲ. ಟೀಮಿನಲ್ಲಿ ಮಂಗಳೂರಿನವನು ನಾನೊಬ್ಬನೇ. “ನಿಮ್ಮ ಊರಿನದ್ದಲ್ವಾ, ಒಮ್ಮೆ ಮಾಡು ಮಾರಾಯ” ಅಂತ ಒತ್ತಾಯ. ಮಾಡಿದೆ. ಸ್ಟೇಜಿಗೆ ಹತ್ತಿ ಆ ಕೂಗು ಹಾಕಿದೆ, ಕಣ್ಣು ಅಗಲ ಮಾಡಿದೆ, ನಾಲಗೆ ಚಾಚಿದೆ. ಜೋರು ಚಪ್ಪಾಳೆ. ಯಾರೋ ವಿಡಿಯೋ ಮಾಡಿದರು. ನಾನೇ ಹೆಮ್ಮೆಯಿಂದ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದೆ.

ನಮ್ಮ ಗ್ರೂಪಿನಲ್ಲಿ ಯಾರಾದರೂ ‘ಗುಡ್ ಮಾರ್ನಿಂಗ್’ ಅಂದರೂ ಹದಿನೈದು ಕೈಮುಗಿದ ಇಮೋಜಿ ಬೀಳುತ್ತವೆ. ಅವತ್ತು ಒಂದೂ ಬೀಳಲಿಲ್ಲ. ಎಲ್ಲರೂ ನೋಡಿದ್ದಾರೆ, ನೀಲಿ ಟಿಕ್ ಉಂಟು. ಯಾರೂ ಬೈಯಲಿಲ್ಲ ಕೂಡ. ರಾತ್ರಿ ನಾನೇ ಡಿಲೀಟ್ ಮಾಡಿದೆ.

ಮುಂದಿನ ತಿಂಗಳು ಅಮ್ಮನ ತರವಾಡು ಮನೆಯಲ್ಲಿ ಕೋಲ. ಕೋಲ ನೋಡಿದವರಿಗೆ ಗೊತ್ತು, ಅದು ಒಮ್ಮೆಲೇ ಶುರುವಾಗುವುದಲ್ಲ. ಕಟ್ಟುವವರಿಗೆ ಎಣ್ಣೆ ಬೂಳ್ಯ ಕೊಡಬೇಕು. ಅವರು ಸ್ನಾನ ಮಾಡಿ ಬಂದು ನೆಲದ ಮೇಲೆ ಕೂತು, ಸಣ್ಣ ಕನ್ನಡಿ ಹಿಡಿದು ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚುತ್ತಾರೆ. ಪಕ್ಕದಲ್ಲಿ ಅವರ ಮನೆಯ ಹೆಂಗಸು ತೆಂಬರೆ ಬಡಿಯುತ್ತಾ ಪಾಡ್ದನ ಹೇಳುತ್ತಾರೆ: ದೈವ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ನಡೆಯಿತು, ಯಾರಿಗೆ ಏನು ಮಾಡಿತು. ತೆಂಗಿನ ಗರಿಯ ಸಿರಿ, ಕಾಲಿಗೆ ಗಗ್ಗರ, ಬೆನ್ನಿಗೆ ಅಣಿ. ಇಷ್ಟೆಲ್ಲ ಆಗುವಾಗ ಮಧ್ಯರಾತ್ರಿ ಕಳೆದಿರುತ್ತದೆ. ಆಮೇಲೆ, ಹಗಲು ಅವರಿಗೆ ಮನೆಯೊಳಗೆ ಕರೆದು ಕುರ್ಚಿ ಕೊಡಲು ಹಿಂದೆ ಮುಂದೆ ನೋಡುವವರೂ ಅವರೆದುರು ಕೈಮುಗಿದು ನಿಲ್ಲುತ್ತಾರೆ.

ನಾನೂ ನಿಂತೆ. ಗಂಧ ಪ್ರಸಾದ ತೆಗೆದುಕೊಳ್ಳುವಾಗ ಕೈ ನಡುಗುತ್ತಿತ್ತು. ದೈವ ನನ್ನ ಹೆಸರು ಹಿಡಿದು ಏನಾದರೂ ಹೇಳುತ್ತದೆ ಅಂದುಕೊಂಡಿದ್ದೆ. ಏನೂ ಹೇಳಲಿಲ್ಲ. ಎಲ್ಲರಿಗೆ ಕೊಟ್ಟ ಹಾಗೆ ನನಗೂ ಅಭಯ ಕೊಟ್ಟಿತು.

ಬೆಳಿಗ್ಗೆ ಚಾ ಕೊಡಲು ಹೋದದ್ದು ನಾನು. ರಾತ್ರಿ ಕಟ್ಟಿದವರು ಬಣ್ಣ ತೊಳೆದು, ಲುಂಗಿ ಉಟ್ಟು, ಜಗಲಿಯ ಅಂಚಿನಲ್ಲಿ ಕೂತಿದ್ದರು. ಐವತ್ತು ದಾಟಿದ ವಯಸ್ಸು. ಗಗ್ಗರ ಉಜ್ಜಿ ಪಾದದ ಗಂಟು ಕೆಂಪಾಗಿ ಊದಿತ್ತು. ಗಂಟಲು ಕೂತುಹೋಗಿತ್ತು. “ಸಿನಿಮಾ ನೋಡಿದ್ರಾ?” ಎಂದು ಕೇಳಿದೆ, ಏನಾದರೂ ಮಾತಾಡಬೇಕಲ್ಲ ಎಂದು.

“ನೋಡಿದೆ. ಮಗ ಕರ್ಕೊಂಡು ಹೋಗಿದ್ದ. ಚಂದ ಮಾಡಿದ್ದಾರೆ,” ಅಂದರು. ಚಾ ಒಂದು ಗುಟುಕು ಕುಡಿದು, “ಆದ್ರೆ ಅದ್ರಲ್ಲಿ ಬೆಳಿಗ್ಗೆ ಆಗುದೇ ಇಲ್ಲ ಅಲ್ವಾ?” ಅಂದರು.

ದೂರು ಹೇಳಿದ ಧಾಟಿಯೇ ಅಲ್ಲ. ನಕ್ಕೊಂಡು ಹೇಳಿದ್ದು. ಮೂರು ವರ್ಷವಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಶಕ್ತಿ ಯಾರದ್ದು?

ಥಾರ್‌ನ ಶಕ್ತಿ ಥಾರ್‌ನದ್ದು. ಸ್ಪೈಡರ್ ಮ್ಯಾನ್‌ನದ್ದು ಅವನ ರಕ್ತದಲ್ಲೇ ಉಂಟು. ಮುಖವಾಡ ತೆಗೆದರೂ ಅವನು ಗೋಡೆ ಹತ್ತಬಲ್ಲ. ಕೋಲ ಕಟ್ಟುವವರ ಲೆಕ್ಕ ಬೇರೆ. ಅವರದ್ದು ಒಂದು ರಾತ್ರಿಯ ಮಟ್ಟಿಗೆ ಹೊತ್ತುಕೊಂಡ ಶಕ್ತಿ. ಅದು ಅವರ ಸ್ವಂತದ್ದಲ್ಲ, ಅವರ ಲಾಭಕ್ಕೂ ಅಲ್ಲ. ಬೆಳಿಗ್ಗೆ ಇಳಿಸಿ, ಬಣ್ಣ ತೊಳೆದು, ಊದಿದ ಕಾಲಿನಲ್ಲಿ ಬಸ್ಸು ಹಿಡಿದು ಮನೆಗೆ ಹೋಗಬೇಕು. ರಾತ್ರಿಯ ಗೌರವ ಹಗಲಿಗೆ ಎಷ್ಟು ಉಳಿಯುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಮೊದಲ ಚಿತ್ರಕ್ಕೆ ಈ ಹಗಲು ಸ್ವಲ್ಪವಾದರೂ ಗೊತ್ತಿತ್ತು. ಧಣಿಯ ಮನೆಯೊಳಗೆ ಕಾಲಿಡುವ ವಿಷಯ ಅಲ್ಲಿ ಒಂದು ದೃಶ್ಯವಾಗಿ ಬಂದಿತ್ತು. ಗುರುವ ಹಗಲಿನಲ್ಲಿ ಒಬ್ಬ ಮೆತ್ತಗಿನ ಹುಡುಗನಾಗಿದ್ದ. ‘ಚಾಪ್ಟರ್ 1’ಕ್ಕೆ ಬರುವಾಗ ಹೊರುವವನು ಮರೆಯಾಗಿ ಶಕ್ತಿ ಮಾತ್ರ ಉಳಿದಿದೆ. ದೈವ ಮೈಮೇಲೆ ಬರುವುದು ಸೂಪರ್‌ಹೀರೋ ಸೂಟ್ ಹಾಕಿಕೊಂಡ ಹಾಗೆ ಕಾಣುತ್ತದೆ. ಹಾಗಿರುವಾಗ ಒಂಬತ್ತು ವರ್ಷದ ಹುಡುಗ ಥಾರ್ ಜೊತೆ ಫೈಟಿಗೆ ಇಳಿಸಿದರೆ ಅವನದ್ದೇನು ತಪ್ಪು? ಸಿನಿಮಾ ಹೇಳಿಕೊಟ್ಟ ಭಾಷೆಯಲ್ಲೇ ಅವನು ಕೇಳಿದ್ದು.

ಚಿತ್ರ ಬಂದ ಮೇಲೆ ಕೆಲವರು ದೈವದ ವೇಷ ಹಾಕಿ ಥಿಯೇಟರಿಗೆ ಬಂದರು. ದಯವಿಟ್ಟು ಹಾಗೆ ಮಾಡಬೇಡಿ ಎಂದು ನಿರ್ಮಾಪಕರಾದ ಹೊಂಬಾಳೆ ಫಿಲ್ಮ್ಸ್‌ನವರೇ ಮನವಿ ಮಾಡಬೇಕಾಯಿತು. ನವೆಂಬರ್‌ನಲ್ಲಿ ಗೋವಾ ಚಿತ್ರೋತ್ಸವದ ವೇದಿಕೆಯಲ್ಲಿ ಹಿಂದಿಯ ದೊಡ್ಡ ನಟರೊಬ್ಬರು ಅನುಕರಣೆ ಮಾಡಿ, ಆಮೇಲೆ ಕ್ಷಮೆ ಕೇಳಿದರು. ಅವರಿಗೆ ಬೈಯುವ ಒಂದು ಪೋಸ್ಟ್ ಶೇರ್ ಮಾಡಲು ನನ್ನ ಬೆರಳೂ ಹೋಗಿತ್ತು. ಅಷ್ಟರಲ್ಲಿ ನನ್ನ ವಿಡಿಯೋ ನೆನಪಾಯಿತು. ಫೋನ್ ಕೆಳಗಿಟ್ಟೆ.

ಹಾಗಾದರೆ ನಮ್ಮ ಕಥೆಗಳಿಂದ ಸೂಪರ್‌ಹೀರೋ ಮಾಡಲೇಬಾರದಾ? ಹಾಗೆ ನಾನು ಹೇಳುವುದಿಲ್ಲ. ‘ಚಾಪ್ಟರ್ 1’ಕ್ಕಿಂತ ಐದು ವಾರ ಮುಂಚೆ, ಆಗಸ್ಟ್ 28ಕ್ಕೆ, ಮಲಯಾಳಂನಲ್ಲಿ ‘ಲೋಕಃ’ ಬಂತು. ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕಥೆಯನ್ನು ತಂದು ಬೆಂಗಳೂರಿನಲ್ಲಿ ನಿಲ್ಲಿಸಿ, ಇವಳು ಸೂಪರ್‌ಹೀರೋ ಎಂದು ನೇರವಾಗಿ ಹೇಳಿತು. ಯಾವ ಗೊಂದಲವೂ ಇಲ್ಲ. ‘ಕಾಂತಾರ’ದ ಕಷ್ಟ ಎಂದರೆ ಅದಕ್ಕೆ ಎರಡೂ ಬೇಕು: ಕೈಮುಗಿಯುವ ಭಕ್ತಿಯೂ ಬೇಕು, ಶಿಳ್ಳೆ ಹೊಡೆಯುವ ಫೈಟೂ ಬೇಕು. ಮೊದಲ ಸಲ ಎರಡೂ ಹದವಾಗಿ ಬೆರೆತವು. ಎರಡನೇ ಸಲ ಶಿಳ್ಳೆ ಮೇಲಾಯಿತು.

ಕನಕವತಿಯ ಮಾತಿಗೆ ಮತ್ತೆ ಬರುತ್ತೇನೆ ಅಂದಿದ್ದೆ. ದೈವವನ್ನು ತನ್ನ ಹಿಡಿತಕ್ಕೆ ತರಲು ಹೊರಟ ಅರಮನೆಯನ್ನು ಸಿನಿಮಾ ವಿಲನ್ ಮಾಡಿತು. ನನ್ನ ಅನುಮಾನ ಏನೆಂದರೆ, ಸ್ಟೇಜ್ ಹತ್ತಿದ ನಾನೂ, ರೀಲ್ ಮಾಡುವವರೂ, ಎಂಟುನೂರು ಕೋಟಿಯ ಪರದೆಯೂ ಸ್ವಲ್ಪ ಸ್ವಲ್ಪ ಆ ಅರಮನೆಯವರೇ. ಇದನ್ನು ಸಿನಿಮಾಕ್ಕೆ ಬೈಯಲು ಹೇಳುತ್ತಿಲ್ಲ. ಅಂಥ ಯೋಚನೆ ಹುಟ್ಟಿಸಿದ್ದೂ ಅದೇ ಸಿನಿಮಾ, ಅದು ಅದರ ಹೆಚ್ಚುಗಾರಿಕೆ.

ಹಾಗಾಗಿ ನನ್ನ ತೀರ್ಪು: ನೋಡಿ, ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ, ಒಳ್ಳೆಯ ಸೌಂಡಿನಲ್ಲಿ ನೋಡಿ. ನೋಡಿದ ಮೇಲೆ ಮೊದಲನೆಯದನ್ನು ಇನ್ನೊಮ್ಮೆ ನೋಡಿ. ಮುಂದಿನ ಅಧ್ಯಾಯ ಮಾಡುವವರಲ್ಲಿ ಒಂದೇ ಕೋರಿಕೆ. ಇನ್ನೂ ದೊಡ್ಡ ಹುಲಿ, ಇನ್ನೂ ದೊಡ್ಡ ರಥ ಬೇಡ. ಒಂದು ಬೆಳಿಗ್ಗೆ ತೋರಿಸಿ.

ಈ ವರ್ಷದ ಕೋಲಕ್ಕೆ ಅಕ್ಕನ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಬಣ್ಣ ಹಚ್ಚುವಾಗಿನಿಂದ ಎಚ್ಚರವಿದ್ದು ಎಲ್ಲ ನೋಡಿದ. ಗಗ್ಗರದ ಸದ್ದು ಎದ್ದಾಗ ನನ್ನ ಕೈ ಗಟ್ಟಿ ಹಿಡಿದುಕೊಂಡ. ಬೆಳಿಗ್ಗೆ ಎಬ್ಬಿಸಿ, ಚಾದ ತಟ್ಟೆಯಲ್ಲಿ ಬಿಸ್ಕತ್ತು ಇಟ್ಟು ಅವನ ಕೈಗೆ ಕೊಟ್ಟೆ. ಜಗಲಿಯ ಅಂಚಿನಲ್ಲಿ ಕೂತವರಿಗೆ ಕೊಟ್ಟು ಬಂದ. ಬಂದವನು ತುಂಬ ಹೊತ್ತು ಅವರ ಕಾಲನ್ನೇ ನೋಡುತ್ತಿದ್ದ.

“ಮಾಮ, ರಾತ್ರಿ ಇದ್ದದ್ದು ಇವರೇನಾ?”

“ಹೌದು.”

“ಇವರ ಕಾಲು ಊದಿದೆ,” ಅಂದ. ಸ್ವಲ್ಪ ಯೋಚಿಸಿ, “ನಮ್ಮ ಕಾರಲ್ಲಿ ಬಿಟ್ಟು ಬರುವನಾ?”

ಬಿಟ್ಟು ಬಂದೆವು. ದಾರಿಯಲ್ಲಿ ಅವನು ಥಾರ್ ವಿಷಯ ಎತ್ತಲಿಲ್ಲ.